ತಂತಿ ಬಿಡಬೇಡ ಕಾಕಾ

ಇವತ್ತು ರಾಜಕೀಯ ಇಲ್ಲ, ಸಿನಿಮಾ ಇಲ್ಲ. ಇವತ್ತು ಹಂದಿ. ಕಾಡುಹಂದಿ. ನಗಬೇಡಿ, ಇದು ಬೀದರ್ ಜಿಲ್ಲೆಯ ರೈತನ ನಿದ್ದೆ ಕೆಡಿಸಿದ ವಿಷಯ. ನನ್ನ ನಿದ್ದೆಯನ್ನೂ ಒಂದು ರಾತ್ರಿ ಕೆಡಿಸಿತು. ಅಲ್ಲಿಂದಲೇ ಶುರು ಮಾಡ್ತೀನಿ.

ಜನವರಿ ತಿಂಗಳು. ರಾತ್ರಿ ಬುಲೆಟಿನ್ ಮುಗಿಸಿ ಮೇಕಪ್ ಒರೆಸಿಕೊಳ್ತಾ ಇದ್ದೆ. ಭಾಲ್ಕಿ ಕಡೆಯಿಂದ ನಮ್ಮ ಕಾಕಾನ ಫೋನ್. ಆ ಹೊತ್ತಿಗೆ ಅವರು ಫೋನ್ ಮಾಡೋರಲ್ಲ. ಎದೆ ಧಸಕ್ ಅಂತು. ಎತ್ತಿದ್ರೆ, ಆ ಕಡೆಯಿಂದ ಅವಸರದ ದನಿ: "ತಮ್ಮಾ, ನೀ ಇಂಜಿನಿಯರ್ ಓದೀದಿ. ಹೊಲಕ್ಕ ತಂತಿ ಸುತ್ತೀನಿ. ಮೋಟರ್ ಡಬ್ಬಿಯಿಂದ ಕರೆಂಟ್ ಹ್ಯಾಂಗ ಬಿಡ್ಬೇಕು, ಅಷ್ಟು ಹೇಳು. ಮನುಷ್ಯಾಗ ಏನೂ ಆಗಬಾರ್ದು, ಹಂದಿ ಸಾಯ್ಬೇಕು. ಹಂಗ ಹೇಳು."

ನಾಲ್ಕು ಎಕರೆ ಹಿಂಗಾರಿ ಜೋಳ. ತೆನೆ ಹಾಲು ತುಂಬಿತ್ತು. ಇನ್ನೊಂದು ವಾರಕ್ಕೆ ಸೀತನಿ ಸುಟ್ಟು ತಿನ್ನುವ ಹದ. ಹಿಂದಿನ ರಾತ್ರಿ ಹಂದಿಗಳ ಹಿಂಡು ನುಗ್ಗಿ ಅರ್ಧ ಎಕರೆ ನೆಲಕ್ಕೆ ಹಾಸಿತ್ತು. ಹಂದಿ ತಿಂದದ್ದಕ್ಕಿಂತ ಕೆಡವಿದ್ದು ಜಾಸ್ತಿ. ಜೋಳದ ದಂಟು ಎತ್ತರ, ತೆನೆ ಸಿಗಬೇಕಾದರೆ ಅದು ದಂಟನ್ನೇ ಮುರಿದು ಬೀಳಿಸುತ್ತೆ.

ನಾನು ಹೇಳಿದೆ: "ತಂತಿ ಬಿಡಬೇಡ ಕಾಕಾ." ಅವರು ಕೇಳಿದರು: "ಮತ್ತ ಏನ್ ಮಾಡ್ಲಿ?"

ಆ ಪ್ರಶ್ನೆಗೆ ಅವತ್ತು ರಾತ್ರಿ ನನ್ನ ಹತ್ರ ಉತ್ತರ ಇರಲಿಲ್ಲ. ಆಮೇಲೆ ಕೂತು ಓದಿದೆ, ಕೇಳಿದೆ, ತಿಳಿದುಕೊಂಡೆ. ಇವತ್ತಿನ ಮಾತು ಆ ಉತ್ತರ.

ಮೊದಲು, ತಂತಿ ಯಾಕೆ ಬೇಡ?

ಮನೆಯ ಕರೆಂಟ್ 230 ವೋಲ್ಟ್. ಬೆವರಿದ ಮೈ, ಒದ್ದೆ ನೆಲ, ಬರಿಗಾಲು ಇದ್ದರೆ ನಮ್ಮ ದೇಹದ ತಡೆ ಸುಮಾರು ಸಾವಿರ ಓಮ್‌ಗೆ ಇಳಿಯುತ್ತೆ. 230ನ್ನು 1000ದಿಂದ ಭಾಗಿಸಿ. 0.23 ಆಂಪಿಯರ್, ಅಂದ್ರೆ 230 ಮಿಲಿ ಆಂಪಿಯರ್. ಮನುಷ್ಯರ ಜೀವ ಉಳಿಸಲು ಮನೆಗಳಲ್ಲಿ ಹಾಕುವ ರಕ್ಷಣಾ ಸ್ವಿಚ್ 30 ಮಿಲಿ ಆಂಪಿಯರ್‌ಗೇ ಕರೆಂಟ್ ಕಡಿದು ಹಾಕುತ್ತೆ. ಇಲ್ಲಿ ಹರಿಯೋದು ಅದರ ಏಳೆಂಟು ಪಟ್ಟು. ಇನ್ನೂ ಕೆಟ್ಟದ್ದು ಏನಂದ್ರೆ, ಈ ಕರೆಂಟ್ ಬಿಟ್ಟು ಬಿಟ್ಟು ಬರುವುದಲ್ಲ, ಒಂದೇ ಸಮನೆ ಹರಿಯುವುದು. ಕೈಯ ಸ್ನಾಯು ಬಿಗಿದುಕೊಳ್ಳುತ್ತೆ, ತಂತಿ ಹಿಡಿದ ಕೈ ಬಿಡಲಿಕ್ಕೇ ಬರೋದಿಲ್ಲ. ಹಂದಿ ಸಾಯಬೇಕು, ಮನುಷ್ಯ ಬದುಕಬೇಕು ಅನ್ನೋ ತಂತಿ ಜಗತ್ತಿನಲ್ಲಿ ಯಾವ ಇಂಜಿನಿಯರ್ ಕೈಲೂ ಆಗೋದಿಲ್ಲ. ಹಂದಿಯನ್ನು ಕೊಲ್ಲುವಷ್ಟು ಕರೆಂಟ್ ಮನುಷ್ಯನನ್ನೂ ಕೊಲ್ಲುತ್ತೆ.

ಆ ತಂತಿಯ ಹತ್ರ ರಾತ್ರಿ ಯಾರು ಹೋಗ್ತಾರೆ, ಯೋಚನೆ ಮಾಡಿ. ನಮ್ಮ ಕಡೆ ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟ್ ಎಷ್ಟೋ ಸಲ ರಾತ್ರಿ ಪಾಳಿಯಲ್ಲಿ ಬರುತ್ತೆ. ಅದು ಬಂದ ಕೂಡಲೇ ಮೋಟರ್ ಹಚ್ಚಲು ಓಡೋನು ಪಕ್ಕದ ಹೊಲದ ಅಣ್ಣ, ಇಲ್ಲಾ ಅವನ ಮಗ. ಕತ್ತಲಲ್ಲಿ, ಬದುವಿನ ಮೇಲೆ, ಒದ್ದೆ ಕಾಲಲ್ಲಿ. ರಾಜ್ಯದಲ್ಲಿ ಪ್ರತಿವರ್ಷ ಇಂಥ ತಂತಿಗೆ ಜನ ಸಾಯ್ತಾರೆ. ಆ ಸುದ್ದಿಯನ್ನು ನಾನೇ ಎಷ್ಟು ಸಲ ಓದಿದ್ದೀನಿ ಅನ್ನೋ ಲೆಕ್ಕ ನನಗಿಲ್ಲ. ಸತ್ತವನು ರೈತ, ಕೇಸು ಬೀಳೋದೂ ರೈತನ ಮೇಲೆ. ಎರಡು ಮನೆ ಹಾಳು. ಹಂದಿ ಮಾತ್ರ ಮರುದಿನ ಇನ್ನೊಂದು ಹೊಲದಲ್ಲಿ.

ಹಾಗಾದ್ರೆ ಸೋಲಾರ್ ಬೇಲಿ ಅಂತಾರಲ್ಲ, ಅದರಲ್ಲೂ ಕರೆಂಟ್ ಇರುತ್ತಲ್ಲ ಅಂತ ನೀವು ಕೇಳಬಹುದು. ಇರುತ್ತೆ. ವೋಲ್ಟೇಜ್ ಸಾವಿರಗಳ ಲೆಕ್ಕದಲ್ಲಿ ಇರುತ್ತೆ. ಆದರೆ ಅಲ್ಲಿ ಎನರ್ಜೈಸರ್ ಅನ್ನೋ ಪೆಟ್ಟಿಗೆ ಇದೆ. ಅದು ಬ್ಯಾಟರಿಯ ಕರೆಂಟನ್ನು ಚಿಟಿಕೆ ಹೊಡೆದಂತೆ ಬಿಟ್ಟು ಬಿಟ್ಟು ಕೊಡುತ್ತೆ. ಅಂತರರಾಷ್ಟ್ರೀಯ ಸುರಕ್ಷತಾ ಮಾನದಂಡದ ಪ್ರಕಾರ ಒಂದು ಹೊಡೆತ ಸೆಕೆಂಡಿನ ನೂರನೇ ಒಂದು ಭಾಗ ಮೀರಬಾರದು, ಎರಡು ಹೊಡೆತಗಳ ನಡುವೆ ಕನಿಷ್ಠ ಒಂದು ಸೆಕೆಂಡ್ ಬಿಡುವು ಇರಬೇಕು, ಶಕ್ತಿ 5 ಜೂಲ್ ದಾಟಬಾರದು. ಆ ಒಂದು ಸೆಕೆಂಡಿನ ಬಿಡುವಿನಲ್ಲೇ ಜೀವ ಉಳಿಯುತ್ತೆ. ಹಂದಿಗೆ ಮೂಗಿನ ಮೇಲೆ ಪೆಟ್ಟು ಬೀಳುತ್ತೆ, ಹಿಂದೆ ಸರಿಯುತ್ತೆ, ಆ ಜಾಗ ನೆನಪಿಟ್ಟುಕೊಳ್ಳುತ್ತೆ. ಮನುಷ್ಯ ಮುಟ್ಟಿದರೆ ಬೆಚ್ಚಿ ಬೈದು ಕೈ ಹಿಂದಕ್ಕೆ ಎಳೆದುಕೊಳ್ತಾನೆ.

ಸೋಲಾರ್ ಪೆಟ್ಟಿಗೆ ಹೆದರಿಸುತ್ತೆ, ಮೋಟರ್ ಡಬ್ಬಿಯ ತಂತಿ ಕೊಲ್ಲುತ್ತೆ. ಈ ಒಂದು ವಾಕ್ಯ ನಿಮ್ಮೂರಿನ ಕಟ್ಟೆಯ ಮೇಲೆ ಕೂತವರಿಗೆಲ್ಲ ಹೇಳಿ.

ಈಗ ಹಂದಿಯ ಬಗ್ಗೆ. ಯಾವ ಹಂದಿ?

ಬೀದರ್ ನಗರದ ಓಣಿಗಳಲ್ಲಿ, ಚರಂಡಿ ಪಕ್ಕದಲ್ಲಿ ತಿರುಗುವ ಹಂದಿ ಸಾಕಿದ ಹಂದಿ. ಅದಕ್ಕೆ ಮಾಲೀಕ ಇದ್ದಾನೆ. ಅದನ್ನು ಹಿಡಿಯೋದು, ಊರಾಚೆ ಸಾಗಿಸೋದು ನಗರಾಡಳಿತದ ಕೆಲಸ. ಅದಕ್ಕೂ ಅರಣ್ಯ ಇಲಾಖೆಗೂ ಸಂಬಂಧ ಇಲ್ಲ. ಹೊಲಕ್ಕೆ ಬರೋದು ಕಾಡುಹಂದಿ. ಬೆನ್ನ ಮೇಲೆ ನೆಟ್ಟಗೆ ನಿಂತ ಕೂದಲು, ಗಂಡಿಗೆ ಕೋರೆಹಲ್ಲು, ಮರಿಗಳ ಮೈಮೇಲೆ ಪಟ್ಟೆ. ಔರಾದ್ ಕಡೆ ಮರಾಠಿಯಲ್ಲಿ ರಾನ್ ಡುಕ್ಕರ್ ಅಂತಾರೆ, ತೆಲಂಗಾಣದ ಗಡಿಯಲ್ಲಿ ಅಡವಿ ಪಂದಿ. ಹೆಸರು ಮೂರು, ಹಂದಿ ಒಂದೇ. ಅದಕ್ಕೆ ರಾಜ್ಯದ ಗಡಿಕಲ್ಲು ಗೊತ್ತಿಲ್ಲ. ರಾತ್ರಿ ದೇಗಲೂರು ಕಡೆ ಮೇಯ್ದು ಬೆಳಗಿನ ಜಾವ ಔರಾದ್ ತಾಲ್ಲೂಕಿನ ಹಳ್ಳದ ಪೊದೆಯಲ್ಲಿ ಮಲಗಬಹುದು.

ಈ ಗೊಂದಲ ಬಿಡಿಸೋದು ಯಾಕೆ ಮುಖ್ಯ? ಅಮೆರಿಕದಲ್ಲೂ ಹಂದಿಗಳ ಕಾಟ ಇದೆ. ಟಿವಿಯಲ್ಲಿ, ಮೊಬೈಲ್‌ನಲ್ಲಿ ಟೆಕ್ಸಾಸ್‌ನವರು ಹೆಲಿಕಾಪ್ಟರ್‌ನಿಂದ ಹಂದಿಗೆ ಗುಂಡು ಹೊಡೆಯೋದನ್ನ ನೀವು ನೋಡಿರ್ತೀರಿ. ಅಲ್ಲಿ 2011ರಲ್ಲೇ ಅದಕ್ಕೆ ಕಾನೂನು ಮಾಡಿಕೊಂಡರು. ಆದರೆ ಆ ಖಂಡದಲ್ಲಿ ಹಂದಿ ಇರಲೇ ಇಲ್ಲ. 1539ರಲ್ಲಿ ಫ್ಲಾರಿಡಾಕ್ಕೆ ಬಂದಿಳಿದ ಸ್ಪೇನಿನ ದಂಡಯಾತ್ರೆಯವರು ಜೊತೆಗೆ ತಂದ ಸಾಕುಹಂದಿಗಳು, ಆಮೇಲೆ ಬೇಟೆಯ ಶೋಕಿಗೆ ತಂದು ಬಿಟ್ಟ ಯುರೋಪಿನ ಕಾಡುಹಂದಿಗಳು, ಇವುಗಳ ಸಂತತಿ ಅದು. ಅವರ ಪಾಲಿಗೆ ಅದು ಹೊರಗಿನ ಪ್ರಾಣಿ. ನಮ್ಮ ಕಾಡುಹಂದಿ ಇದೇ ಮಣ್ಣಿನದು. ಕಲ್ಯಾಣದಿಂದ ಆಳಿದ ಚಾಲುಕ್ಯರ ಲಾಂಛನವೇ ವರಾಹ. ಆ ಕಲ್ಯಾಣ ಇರೋದು ಇದೇ ಬೀದರ್ ಜಿಲ್ಲೆಯಲ್ಲಿ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೇ ಶತಮಾನದ ಒಂದು ಶಾಸನ ಸಿಕ್ಕಿದೆ. ಕಾಳಿ ಅನ್ನೋ ಬೇಟೆನಾಯಿ ದೊಡ್ಡ ಹಂದಿಯ ಜೊತೆ ಹೋರಾಡಿ ಎರಡೂ ಸತ್ತವು ಅಂತ ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ಸಾವಿರ ವರ್ಷದಿಂದ ನಾವೂ ಹಂದಿಯೂ ಎದುರುಬದುರು ಇದ್ದೇವೆ.

ಹಾಗಾದ್ರೆ ಈಗ ಯಾಕೆ ಇಷ್ಟು ಜಾಸ್ತಿ ಅನ್ನಿಸ್ತಾ ಇದೆ? ಬೀದರ್‌ನಲ್ಲಿ ಕಾಡು ಎಲ್ಲಿದೆ? ಜಿಲ್ಲೆಯ ಹತ್ತನೇ ಒಂದು ಭಾಗ ಕೂಡ ಅರಣ್ಯ ಇಲ್ಲ. ಹೊನ್ನಿಕೇರಿಯಂಥ ಒಂದಷ್ಟು ತುಂಡು ಬಿಟ್ಟರೆ ಉಳಿದದ್ದೆಲ್ಲ ಹೊಲ, ಗೋಮಾಳ, ಕುರುಚಲು.

ಇಲ್ಲೇ ಇರೋದು ಅಸಲಿ ವಿಷಯ. ಹಂದಿಗೆ ಬೇಕಾದದ್ದು ಮೂರು: ತಿನ್ನಲು ಆಹಾರ, ಹೊರಳಲು ನೀರು, ಹಗಲು ಮಲಗಲು ಮರೆ. ಈ ಮೂರೂ ಒಂದೇ ಕಡೆ ಸಿಗುವ ಜಾಗ ಯಾವುದು? ಕಬ್ಬಿನ ಗದ್ದೆ. ಮಾಂಜ್ರಾ ನದಿಯ ದಂಡೆ, ಕಾರಂಜಾ ಜಲಾಶಯದ ಸುತ್ತಮುತ್ತ, ಬೋರ್‌ವೆಲ್ ಬಿದ್ದ ಕಡೆಯೆಲ್ಲ ಕಬ್ಬು ಬಂತು. ಕಬ್ಬು ವರ್ಷದ ಬೆಳೆ. ತಿಂಗಳುಗಟ್ಟಲೆ ಒಳಗೆ ಯಾರೂ ಹೋಗೋದಿಲ್ಲ. ನಾವು ಕಾಡು ಕಡಿದೆವು, ಆಮೇಲೆ ಹಂದಿಗಾಗಿಯೇ ಎಂಬಂತೆ ಸಿಹಿಯಾದ ಇನ್ನೊಂದು ಕಾಡು ಬೆಳೆಸಿದೆವು. ಅದರ ಜೊತೆಗೆ ಹಳ್ಳ, ನಾಲಾ, ಕೆರೆ ಅಂಗಳದ ತುಂಬ ಬಳ್ಳಾರಿ ಜಾಲಿ. ಮನುಷ್ಯ ನುಗ್ಗಲಾರದ ಮುಳ್ಳುಪೊದೆ, ಹಂದಿಗೆ ಕೋಟೆ.

ತಿಂಗಳ ಲೆಕ್ಕ ನೋಡಿ. ಜೂನ್‌ನಲ್ಲಿ ಬಿತ್ತಿದ ಬೀಜವನ್ನೇ ಮೂತಿಯಿಂದ ಉತ್ತು ತಿನ್ನುತ್ತೆ. ಆಗಸ್ಟ್, ಸೆಪ್ಟೆಂಬರ್‌ಗೆ ಹೆಸರು, ಉದ್ದು. ಆಮೇಲೆ ಸೋಯಾ. ನವೆಂಬರ್‌ನಿಂದ ಕಬ್ಬಿನ ಕಟಾವು ಶುರು. ಕಬ್ಬು ಕಡಿದ ಹಾಗೆ ಮನೆ ಕಳೆದುಕೊಂಡ ಹಂದಿ ಹಿಂಡು ಪಕ್ಕದ ತೊಗರಿಗೆ, ಕಡಲೆಗೆ, ಜೋಳಕ್ಕೆ ಸರಿಯುತ್ತೆ. ನಮ್ಮ ಕಾಕಾನ ಹೊಲಕ್ಕೆ ಜನವರಿಯಲ್ಲೇ ಹಂದಿ ಬಂದದ್ದು ಯಾಕೆ ಅಂತ ನನಗೆ ಆಮೇಲೆ ಹೊಳೆಯಿತು. ಆ ವಾರ ಹಳ್ಳದ ಆಚೆಯ ಕಬ್ಬು ಕಡಿದಿದ್ದರು.

ಇನ್ನೊಂದು ಕಡೆ, ಹಂದಿಯನ್ನು ತಿನ್ನುವ ಪ್ರಾಣಿಗಳು ಕಡಿಮೆ. ಹುಲಿ ನಮ್ಮ ಕಡೆ ಇಲ್ಲ. ಮರಿಗಳನ್ನು ಹೊತ್ತೊಯ್ಯುವ ತೋಳ ಅಲ್ಲೊಂದು ಇಲ್ಲೊಂದು. ಹೆಣ್ಣುಹಂದಿಯ ಗರ್ಭ ನಾಲ್ಕು ತಿಂಗಳಿಗೂ ಕಡಿಮೆ, ಸುಮಾರು 115 ದಿನ. ಒಂದು ಸಲಕ್ಕೆ ನಾಲ್ಕರಿಂದ ಎಂಟು ಮರಿ. ಹೊಟ್ಟೆ ತುಂಬ ಆಹಾರ ಸಿಕ್ಕಷ್ಟೂ ಮರಿ ಜಾಸ್ತಿ ಬದುಕುತ್ತವೆ.

ಸರಿ, ಕೊಂದು ಹಾಕೋಣ ಅಂದ್ರೆ? ಕಾನೂನು ಏನು ಹೇಳುತ್ತೆ ನೋಡೋಣ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಹಂದಿ ಮೊದಲು ಮೂರನೇ ಶೆಡ್ಯೂಲ್‌ನಲ್ಲಿತ್ತು. 2022ರಲ್ಲಿ ಕಾಯ್ದೆಗೆ ತಿದ್ದುಪಡಿ ಆಯ್ತು, 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಶೆಡ್ಯೂಲ್‌ಗಳನ್ನು ಕಡಿಮೆ ಮಾಡಿದರು, ಹಂದಿ ಎರಡನೇ ಶೆಡ್ಯೂಲ್‌ಗೆ ಬಂತು. ಅನುಮತಿ ಇಲ್ಲದೆ ಕೊಂದರೆ ಅಪರಾಧ, ಜೈಲು ಮತ್ತು ದಂಡ ಎರಡಕ್ಕೂ ಅವಕಾಶ ಇದೆ. ಇನ್ನೊಂದು ಮಾತು ಬಹಳ ಜನಕ್ಕೆ ಗೊತ್ತಿಲ್ಲ. ಈ ಕಾಯ್ದೆಯಲ್ಲಿ ಬೇಟೆ ಅಂದ್ರೆ ಕೊಲ್ಲೋದು ಮಾತ್ರ ಅಲ್ಲ. ಬಲೆ ಹಾಕಿ ಹಿಡಿಯೋದು, ಉರುಲು ಇಡೋದು ಕೂಡ ಬೇಟೆಯೇ.

ಹಾಗಂತ ಕಾನೂನು ರೈತನಿಗೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಎರಡು ಬಾಗಿಲು ಇವೆ. ಒಂದು, ಸೆಕ್ಷನ್ 11. ಎರಡನೇ ಶೆಡ್ಯೂಲ್‌ನ ಪ್ರಾಣಿ ಮನುಷ್ಯರ ಜೀವಕ್ಕೆ ಅಥವಾ ಆಸ್ತಿಗೆ ಅಪಾಯ ಅನ್ನಿಸಿದರೆ, ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ, ಕಾರಣ ಬರೆದು, ಇಂಥ ಜಾಗದಲ್ಲಿ ಇಂಥ ಪ್ರಾಣಿಯನ್ನು ಬೇಟೆಯಾಡಬಹುದು ಅಂತ ಲಿಖಿತ ಆದೇಶ ಕೊಡಬಹುದು. ಆಸ್ತಿ ಅಂದ್ರೆ ಹೊಲದಲ್ಲಿ ನಿಂತ ಬೆಳೆಯೂ ಸೇರಿದೆ ಅಂತ ಕಾಯ್ದೆಯಲ್ಲೇ ಬರೆದಿದೆ. ಇದಕ್ಕೆ ದೆಹಲಿಗೆ ಹೋಗಬೇಕಿಲ್ಲ, ರಾಜ್ಯದಲ್ಲೇ ಆಗುತ್ತೆ.

ಎರಡನೆಯದು ಸೆಕ್ಷನ್ 62. ಕೇಂದ್ರ ಸರ್ಕಾರ ಒಂದು ಪ್ರದೇಶಕ್ಕೆ, ಒಂದು ಅವಧಿಗೆ ಹಂದಿಯನ್ನು ಪೀಡಕ ಪ್ರಾಣಿ ಅಂತ ಘೋಷಿಸಬಹುದು. ವರ್ಮಿನ್ ಅಂತ ನಾವು ಸುದ್ದಿಯಲ್ಲಿ ಹೇಳ್ತೀವಲ್ಲ, ಅದು. ಘೋಷಿಸಿದಷ್ಟು ದಿನ ಆ ಜಾಗದಲ್ಲಿ ಹಂದಿಗೆ ಕಾಯ್ದೆಯ ರಕ್ಷಣೆ ಇರೋದಿಲ್ಲ. 2015ರ ಡಿಸೆಂಬರ್‌ನಲ್ಲಿ ಬಿಹಾರದ ಕೆಲವು ಜಿಲ್ಲೆಗಳಿಗೆ ನೀಲ್‌ಗಾಯ್ ಮತ್ತು ಕಾಡುಹಂದಿ, 2016ರಲ್ಲಿ ಉತ್ತರಾಖಂಡದ ಕೆಲವು ಜಿಲ್ಲೆಗಳಿಗೆ ಕಾಡುಹಂದಿ, ಹೀಗೆ ಘೋಷಣೆ ಆಗಿತ್ತು. ಬಿಹಾರದ ಮೊಕಾಮಾದಲ್ಲಿ ಶಾರ್ಪ್ ಶೂಟರ್‌ಗಳು ಇನ್ನೂರಕ್ಕೂ ಹೆಚ್ಚು ನೀಲ್‌ಗಾಯ್ ಹೊಡೆದಾಗ ಕೇಂದ್ರದ ಇಬ್ಬರು ಸಚಿವರು, ಮೇನಕಾ ಗಾಂಧಿ ಮತ್ತು ಪ್ರಕಾಶ್ ಜಾವಡೇಕರ್, ಬಹಿರಂಗವಾಗಿಯೇ ಕಿತ್ತಾಡಿದರು. ಕೇರಳವೂ ಇದೇ ಘೋಷಣೆ ಕೇಳಿತು, ಕೇಂದ್ರ ಒಪ್ಪಲಿಲ್ಲ. ಆಗ ಕೇರಳ 2022ರಲ್ಲಿ ಮೊದಲನೇ ಬಾಗಿಲನ್ನೇ ದೊಡ್ಡದು ಮಾಡಿತು. ಪಂಚಾಯಿತಿ ಅಧ್ಯಕ್ಷರಿಗೆ, ನಗರಸಭೆ ಮುಖ್ಯಸ್ಥರಿಗೆ ಗೌರವ ವನ್ಯಜೀವಿ ಪರಿಪಾಲಕರ ಅಧಿಕಾರ ಕೊಟ್ಟು, ಹಂದಿ ಹೊಡೆಯಲು ಅವರೇ ಆದೇಶ ಕೊಡುವಂತೆ ಮಾಡಿತು.

ಹಾಗಾದ್ರೆ ಕರ್ನಾಟಕವೂ ಹಾಗೇ ಮಾಡಲಿ, ಮುಗೀತು ಅಂತೀರಾ? ಒಂದು ನಿಮಿಷ. ಹೊಡೆದರೆ ಹಂದಿ ಕಡಿಮೆ ಆಗುತ್ತಾ?

ಒಂದು ಲೆಕ್ಕ ಹಾಕೋಣ. ಇದು ಸರ್ವೆಯ ಅಂಕಿ ಅಲ್ಲ, ಅರ್ಥ ಆಗಲಿ ಅಂತ ನಾನೇ ಹಾಕಿದ ಲೆಕ್ಕ. ಒಂದು ಹಳ್ಳದಲ್ಲಿ 20 ಹಂದಿ ಇವೆ ಅಂದುಕೊಳ್ಳಿ. ಅದರಲ್ಲಿ ಮರಿ ಹಾಕುವ ಹೆಣ್ಣು 8. ಒಂದೊಂದಕ್ಕೆ ನಾಲ್ಕು ಮರಿ ಬದುಕಿದರೆ 32. ಒಟ್ಟು 52. ರೋಗ, ರಸ್ತೆ ಅಪಘಾತ, ತೋಳ, ನಾಯಿ ಅಂತ 12 ಹೋದವು. ಉಳಿದದ್ದು 40. ಅಂದ್ರೆ ಸಂಖ್ಯೆ ಮತ್ತೆ 20ಕ್ಕೆ ಬರಬೇಕಾದರೆ ಪ್ರತಿವರ್ಷ ಅರ್ಧದಷ್ಟು ಹಂದಿಗಳನ್ನು ತೆಗೀಬೇಕು. ಬರೀ ಹೆಚ್ಚಾಗದಂತೆ ತಡೆಯಲು ಇಷ್ಟು. ಅಮೆರಿಕದ ತಜ್ಞರು ಅಲ್ಲಿನ ಹಂದಿಗೆ ಇನ್ನೂ ದೊಡ್ಡ ಲೆಕ್ಕ ಹೇಳ್ತಾರೆ, ವರ್ಷಕ್ಕೆ ಶೇ 70ರ ಹತ್ತಿರ. ಈಗ ನಾಲ್ಕು ಜನ ಬಂದೂಕು ಹಿಡಿದು ಬಂದು ಕೋರೆ ಇರುವ ನಾಲ್ಕು ದೊಡ್ಡ ಗಂಡುಹಂದಿ ಹೊಡೆದು ಫೋಟೊ ತೆಗೆಸಿಕೊಂಡರು ಅಂತಿಟ್ಟುಕೊಳ್ಳಿ. ಮರಿ ಹಾಕುವ ಎಂಟು ಹೆಣ್ಣು ಹಾಗೇ ಇವೆ. ಮುಂದಿನ ವರ್ಷದ ಲೆಕ್ಕದಲ್ಲಿ ಏನು ಬದಲಾಯ್ತು? ತೊಟ್ಟಿಗೆ ನೀರು ಬರುವ ನಲ್ಲಿ ತೆರೆದೇ ಇದೆ, ನಾವು ಲೋಟದಲ್ಲಿ ಮೊಗೆದು ಚೆಲ್ಲುತ್ತಾ ಇದ್ದೇವೆ.

ಇನ್ನೊಂದು ತೊಂದರೆ ಇದೆ. ಹೆಣ್ಣು, ಮರಿಗಳು ಹಿಂಡಾಗಿ ಇರ್ತವೆ, ದೊಡ್ಡ ಗಂಡು ಒಂಟಿ. ಹಿಂಡಿಗೆ ಗುಂಡು ಬಿದ್ದ ಕೂಡಲೇ ಉಳಿದವು ದಿಕ್ಕಾಪಾಲು. ಒಂದು ಊರಿನ ಹಂದಿ ನಾಲ್ಕು ಊರಿಗೆ ಹಂಚಿಕೆ ಆಗುತ್ತೆ. ಈ ಕಾರಣಕ್ಕೇ ಅಮೆರಿಕದ ಮಿಸ್ಸೂರಿ ರಾಜ್ಯ 2016ರಲ್ಲಿ ತನ್ನ ಸಂರಕ್ಷಣಾ ಇಲಾಖೆಯ ಭೂಮಿಯಲ್ಲಿ ಹಂದಿ ಬೇಟೆಯನ್ನೇ ನಿಷೇಧಿಸಿತು. ವಿಚಿತ್ರ ಅನ್ನಿಸುತ್ತೆ ಅಲ್ವಾ? ಹಂದಿ ಕಡಿಮೆ ಮಾಡಲು ಬೇಟೆ ನಿಲ್ಲಿಸಿದರು. ಬದಲಿಗೆ ದೊಡ್ಡ ದೊಡ್ಡಿಯಂಥ ಬೋನು ಇಟ್ಟು, ಬಾಗಿಲು ತೆರೆದು, ದಿನಗಟ್ಟಲೆ ಕಾಳು ಹಾಕಿ ಅಭ್ಯಾಸ ಮಾಡಿಸಿ, ಇಡೀ ಹಿಂಡು ಒಳಗೆ ಬಂದ ದಿನ ಬಾಗಿಲು ಬೀಳಿಸೋದು. ಒಂದೂ ತಪ್ಪಿಸಿಕೊಳ್ಳಬಾರದು. ತಪ್ಪಿಸಿಕೊಂಡದ್ದು ಮತ್ತೆ ಬೋನಿನ ಹತ್ತಿರ ಸುಳಿಯೋದಿಲ್ಲ. ಹಂದಿಯ ಕಣ್ಣು ಮಂದ, ಮೂಗು ಚುರುಕು, ನೆನಪು ಇನ್ನೂ ಚುರುಕು.

ಸಿಡಿಮದ್ದಿನ ಮಾತು ಎತ್ತಲೇಬಾರದು. ಹಂದಿಗೆ ಅಂತ ಹಿಟ್ಟಿನ ಉಂಡೆಯಲ್ಲಿ, ಹಣ್ಣಿನಲ್ಲಿ ಇಟ್ಟದ್ದನ್ನ ಆಕಳು ಕಚ್ಚುತ್ತೆ, ದವಡೆ ಹಾರಿಹೋಗುತ್ತೆ. 2020ರ ಮೇ ತಿಂಗಳಲ್ಲಿ ಕೇರಳದಲ್ಲಿ ಗರ್ಭಿಣಿ ಆನೆ ಹೀಗೇ ಸತ್ತು ದೇಶವೆಲ್ಲ ಮರುಗಿತು. ಬಾಯಿ ಸೀಳಿದ ಎಮ್ಮೆ, ಆಕಳಿಗೆ ಮರುಗುವವರು ಅದರ ಮನೆಯವರು ಮಾತ್ರ.

ಹಾಗಾದ್ರೆ ಏನು ಮಾಡಬೇಕು? ಕಾಕಾ ಕೇಳಿದ ಪ್ರಶ್ನೆ ಅದೇ. ಒಂದೊಂದಾಗಿ ಹೇಳ್ತೀನಿ.

ಮೊದಲನೆಯದು, ಮರೆ ತೆಗೆಯೋದು. ಬೇಸಿಗೆಯಲ್ಲಿ, ಹಳ್ಳ ಒಣಗಿದಾಗ, ಹೊಲಕ್ಕೆ ಹತ್ತಿದ ಜಾಲಿ ಪೊದೆಯನ್ನು ಬೇರುಸಹಿತ ಕೀಳಬೇಕು. ಬರೀ ಮೇಲೆ ಕಡಿದರೆ ಮಳೆಗೆ ಮತ್ತೆ ಇಮ್ಮಡಿ ಚಿಗುರುತ್ತೆ. ಇದು ಒಬ್ಬನ ಕೈಲಿ ಆಗೋದಿಲ್ಲ. ಹಳ್ಳ ಸರ್ಕಾರದ್ದು, ಪಂಚಾಯಿತಿಯ ಠರಾವು ಬೇಕು. ಕಬ್ಬು ಬೆಳೆಯುವವರು ಗದ್ದೆಯ ಅಂಚಿನ ಕಳೆ ತೆಗೆಸಿ, ಹೊಲಕ್ಕೂ ಪೊದೆಗೂ ನಡುವೆ ಬಯಲು ಬಿಟ್ಟರೆ ಹಂದಿ ಆ ಬಯಲು ದಾಟಲು ಅಳುಕುತ್ತೆ.

ಎರಡನೆಯದು, ಬೇಲಿ. ಆದರೆ ಒಂಟಿ ಬೇಲಿ ಅಲ್ಲ. ಒಬ್ಬ ರೈತ ತನ್ನ ನಾಲ್ಕು ಎಕರೆಗೆ ಬೇಲಿ ಹಾಕಿದರೆ ಹಂದಿ ಪಕ್ಕದವನ ಹೊಲಕ್ಕೆ ಹೋಗುತ್ತೆ. ಲೆಕ್ಕ ನೋಡಿ. ನಾಲ್ಕು ಎಕರೆಯ ಚೌಕದ ಸುತ್ತಳತೆ ಸುಮಾರು 510 ಮೀಟರ್. ಹದಿನಾರು ಎಕರೆಯ ಚೌಕದ ಸುತ್ತಳತೆ ಅದರ ನಾಲ್ಕು ಪಟ್ಟಲ್ಲ, ಎರಡೇ ಪಟ್ಟು, ಸುಮಾರು 1020 ಮೀಟರ್. ಅಂದ್ರೆ ನಾಲ್ಕು ಜನ ಸೇರಿ ಒಂದೇ ಬೇಲಿ ಹಾಕಿದರೆ ತಲೆಗೆ ಬೀಳೋದು ಅರ್ಧ ಖರ್ಚು. ಇದು ಶಾಲೆಯ ಗಣಿತ, ಇಂಜಿನಿಯರಿಂಗ್ ಕೂಡ ಅಲ್ಲ. ಸೋಲಾರ್ ಬೇಲಿಯಲ್ಲಿ ಕೆಳಗಿನ ತಂತಿ ನೆಲದಿಂದ ಒಂದು ಗೇಣು ಮಾತ್ರ ಮೇಲಿರಬೇಕು. ಹಂದಿ ಹಾರೋದಕ್ಕಿಂತ ನುಸಿಯೋದು ಜಾಸ್ತಿ. ತಂತಿಗೆ ಹುಲ್ಲು ತಾಗಿದರೆ ಕರೆಂಟ್ ನೆಲಕ್ಕಿಳಿದು ಹೋಗುತ್ತೆ, ವಾರಕ್ಕೊಮ್ಮೆ ಹುಲ್ಲು ಕೊಯ್ಯಬೇಕು. ಭಾಲ್ಕಿ, ಔರಾದ್‌ನ ಎರೆ ಮಣ್ಣು ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಿರಿಯುತ್ತೆ, ಕಂಬ ವಾಲುತ್ತೆ. ಅದಕ್ಕೇ ಮೂಲೆ ಕಂಬಗಳಿಗೆ ಆಳವಾದ ಗುಂಡಿ, ಒತ್ತುಗೊಟ್ಟ ಆಸರೆ ಬೇಕು. ಎನರ್ಜೈಸರ್ ಪೆಟ್ಟಿಗೆ ಪ್ರಮಾಣೀಕೃತ ಕಂಪನಿಯದ್ದೇ ಇರಲಿ. ಸಂತೆಯಲ್ಲಿ ಸಿಗುವ, ಯಾರೋ ಮನೆಯಲ್ಲಿ ಜೋಡಿಸಿದ ಪೆಟ್ಟಿಗೆ ಬೇಡವೇ ಬೇಡ.

ಮೂರನೆಯದು, ನಮ್ಮ ಹಿರಿಯರ ಬೆಳೆ, ಕುಸುಬಿ. ಹೈದರಾಬಾದ್‌ನ ಕೃಷಿ ವಿಶ್ವವಿದ್ಯಾಲಯದಲ್ಲಿ ಇಂಥ ಪ್ರಾಣಿಗಳ ಕಾಟದ ಬಗ್ಗೆಯೇ ಕೆಲಸ ಮಾಡುವ ಐಸಿಎಆರ್ ಯೋಜನೆಯ ವಿಜ್ಞಾನಿಗಳು ಶೇಂಗಾ ಹೊಲದ ಸುತ್ತ ನಾಲ್ಕು ಸಾಲು ಕುಸುಬಿ, ಗೋವಿನಜೋಳದ ಸುತ್ತ ಔಡಲ ಹಾಕಿ ಅಂತ ಹೇಳ್ತಾರೆ. ಕುಸುಬಿಯ ಮುಳ್ಳು ಮೂತಿಗೆ ಚುಚ್ಚುತ್ತೆ, ಔಡಲದ ವಾಸನೆ ಬೆಳೆಯ ವಾಸನೆಯನ್ನು ಮರೆಸುತ್ತೆ. ನಮ್ಮ ಅಜ್ಜಂದಿರು ಜೋಳದ ಅಂಚಿಗೆ ಕುಸುಬಿ ಬಿತ್ತುತ್ತಿದ್ದರು. ನಾವು ಎಣ್ಣೆ ಪ್ಯಾಕೆಟ್ ತಂದೆವು, ಕುಸುಬಿ ಬಿಟ್ಟೆವು. ಇದರಿಂದ ನೂರಕ್ಕೆ ನೂರು ತಡೆ ಆಗೋದಿಲ್ಲ. ಆದರೆ ಖರ್ಚಿಲ್ಲ, ಎಣ್ಣೆಕಾಳೂ ಬರುತ್ತೆ.

ಹಳೆ ಸೀರೆ ಕಟ್ಟೋದು, ಕೂದಲು ಚೆಲ್ಲೋದು, ಸ್ಪೀಕರ್‌ನಲ್ಲಿ ನಾಯಿ ಬೊಗಳಿಸೋದು ಇವೆಲ್ಲ ಸ್ವಲ್ಪ ದಿನ ನಡೀತವೆ. ಆಮೇಲೆ ಹಂದಿಗೆ ರೂಢಿ ಆಗುತ್ತೆ. ಹಾಗಾಗಿ ಇವನ್ನು ಬದಲಿಸ್ತಾ ಇರಬೇಕು. ತೆನೆ ಹಾಲು ತುಂಬಿದ ದಿನದಿಂದ ಕೊಯ್ಲಿನವರೆಗೆ ಮಾತ್ರ ಬಳಸಬೇಕು. ಮಂಚಿಕೆ ಹಾಕಿ ಕಾಯೋದು ಇವತ್ತಿಗೂ ಕೆಲಸ ಮಾಡುತ್ತೆ, ಆದರೆ ಪಾಳಿ ಮಾಡಿಕೊಂಡು, ಇಬ್ಬಿಬ್ಬರು. ಮರಿ ಇರುವ ಹೆಣ್ಣುಹಂದಿ ಎದುರು ಬಂದರೆ ಬಿಡೋದಿಲ್ಲ. ಒಂಟಿಯಾಗಿ ಅಟ್ಟಲು ಹೋಗಬೇಡಿ.

ನಾಲ್ಕನೆಯದು, ಇಡೀ ಹಿಂಡನ್ನು ಹಿಡಿಯೋದು ಅಥವಾ ತೆಗೆಯೋದು. ಕೊಡಗಿನಂತೆ ಮನೆಮನೆಯಲ್ಲಿ ಕೋವಿ ಇರುವ ನಾಡಲ್ಲ ನಮ್ಮದು. ಇದು ಸೆಕ್ಷನ್ 11ರ ಆದೇಶದ ಮೇಲೆ ಅರಣ್ಯ ಇಲಾಖೆಯೇ ಮಾಡಬೇಕಾದ ಕೆಲಸ. ಎಲ್ಲಿ, ಯಾವಾಗ, ಎಷ್ಟು ಅಂತ ಲೆಕ್ಕ ಇಟ್ಟು ಮಾಡಬೇಕು. ಒಂದು ಎಚ್ಚರಿಕೆ. ಇದೇ ಹೊಲಗಳಲ್ಲಿ ಕೃಷ್ಣಮೃಗವೂ ಓಡಾಡುತ್ತೆ. ಅದು ಮೊದಲನೇ ಶೆಡ್ಯೂಲ್‌ನ ಪ್ರಾಣಿ. ಹಂದಿಗೆ ಇಟ್ಟ ಉರುಲಿಗೆ, ತಂತಿಗೆ ಅದು ಬಿದ್ದರೆ ನಿಮ್ಮ ಕಥೆ ಇನ್ನೂ ಕಷ್ಟ.

ಕೊನೆಯದು, ಹಣ. ಬೆಳೆ ಹೋದ ಮೇಲೆ ಅರ್ಜಿ ಹಾಕೋದೇ ಬಹಳ ಜನಕ್ಕೆ ಗೊತ್ತಿಲ್ಲ. ನಮ್ಮ ಕಾಕಾನಿಗೂ ಗೊತ್ತಿರಲಿಲ್ಲ. ವನ್ಯಪ್ರಾಣಿಯಿಂದ ಆದ ಬೆಳೆ ನಷ್ಟಕ್ಕೆ ಅರಣ್ಯ ಇಲಾಖೆ ಇ-ಪರಿಹಾರ ತಂತ್ರಾಂಶದಲ್ಲಿ ಅರ್ಜಿ ದಾಖಲಿಸುತ್ತೆ. ಬೆಳಿಗ್ಗೆ ಎದ್ದು ಸಿಟ್ಟಿಗೆ ಬಿದ್ದ ಬೆಳೆ ಎತ್ತಬೇಡಿ. ಮೊದಲು ಫೋಟೊ ತೆಗೀರಿ. ಹೆಜ್ಜೆಗುರುತು, ಮುರಿದ ದಂಟು, ಹೊಲದ ಗುರುತು ಮೂರೂ ಕಾಣಲಿ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಹಿಡಿದು ಅರಣ್ಯ ಕಚೇರಿಗೆ ಹೋಗಿ, ಅರ್ಜಿ ಕೊಟ್ಟು, ಸ್ವೀಕೃತಿ ಪಡೆದೇ ಬನ್ನಿ. ಹಾಗೇ ಫಸಲ್ ಬಿಮಾ. 2025ರ ನವೆಂಬರ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯ, 2026ರ ಮುಂಗಾರಿನಿಂದ ವನ್ಯಪ್ರಾಣಿ ದಾಳಿಯನ್ನೂ ವಿಮೆಯ ಹೆಚ್ಚುವರಿ ರಕ್ಷಣೆಗೆ ಸೇರಿಸುವುದಾಗಿ ಹೇಳಿತು. 72 ಗಂಟೆಯೊಳಗೆ ಬೆಳೆ ವಿಮೆ ಆ್ಯಪ್‌ನಲ್ಲಿ ಜಾಗದ ಗುರುತು ಇರುವ ಫೋಟೊ ಹಾಕಬೇಕು. ಆದರೆ ಯಾವ ಪ್ರಾಣಿ, ಯಾವ ಪ್ರದೇಶ ಅನ್ನೋ ಪಟ್ಟಿಯನ್ನು ರಾಜ್ಯ ಸರ್ಕಾರ ಹೊರಡಿಸಬೇಕು. ಆ ಪಟ್ಟಿಯಲ್ಲಿ ಕಾಡುಹಂದಿ ಇರಬೇಕು, ಬೀದರ್ ಇರಬೇಕು. ಇಲ್ಲದಿದ್ದರೆ ಯೋಜನೆ ಕಾಗದದ ಮೇಲೆ, ಹಂದಿ ಹೊಲದಲ್ಲಿ.

ಈಗ ನನ್ನ ಪ್ರಶ್ನೆಗಳು. 2023ರ ಮೇ ತಿಂಗಳಲ್ಲಿ ರಾಜ್ಯದ ಅರಣ್ಯ ಖಾತೆ ವಹಿಸಿಕೊಂಡ ಈಶ್ವರ ಖಂಡ್ರೆ ಅವರು ಭಾಲ್ಕಿ ಕ್ಷೇತ್ರದ ಶಾಸಕರು. ಅಂದ್ರೆ ಈ ವಿಷಯ ಅವರ ಮನೆ ಅಂಗಳದ್ದು. ಸನ್ಮಾನ್ಯರೇ, ಬೀದರ್ ಜಿಲ್ಲೆಯಲ್ಲಿ ಕಾಡುಹಂದಿ ಎಲ್ಲೆಲ್ಲಿ ಇವೆ ಅನ್ನೋ ಊರುವಾರು ನಕ್ಷೆ ಮಾಡಿಸ್ತೀರಾ? ವಿಮೆಯ ಪಟ್ಟಿಗೆ ಕಾಡುಹಂದಿ ಸೇರುವಂತೆ ಕೃಷಿ ಇಲಾಖೆಯ ಜೊತೆ ಕೂತು ನೋಡ್ತೀರಾ? ಒಂಟಿ ರೈತನಿಗೆ ಕೊಡುವ ಬೇಲಿಯ ಸಹಾಯಧನವನ್ನು ಗುಂಪು ಬೇಲಿಗೆ ಮೊದಲು ಕೊಡ್ತೀರಾ? ಮಹಾರಾಷ್ಟ್ರ, ತೆಲಂಗಾಣದ ಗಡಿ ತಾಲ್ಲೂಕುಗಳ ಅಧಿಕಾರಿಗಳ ಜೊತೆ ಒಂದೇ ಮೇಜಿನಲ್ಲಿ ಕೂರ್ತೀರಾ? ಔರಾದ್‌ನಲ್ಲಿ ಹಿಡಿದು, ಉದಗೀರ್ ಕಡೆ ಬಿಟ್ಟರೆ ಏನೂ ಆಗೋದಿಲ್ಲ.

ರೈತರಿಗೂ ಒಂದು ಪ್ರಶ್ನೆ. ಹಂದಿ ಬಂದ ರಾತ್ರಿ ಎಲ್ಲರೂ ಓಡಿ ಬರ್ತೀವಿ. ಬೇಸಿಗೆಯಲ್ಲಿ ಜಾಲಿ ಕೀಳಲು ಕರೆದರೆ ಎಷ್ಟು ಜನ ಬರ್ತೀವಿ?

ಇನ್ನು ಕಾಕಾ. ಆ ರಾತ್ರಿ ಅವರು ಕರೆಂಟ್ ಬಿಡಲಿಲ್ಲ. ನನ್ನ ಮಾತಿಗಲ್ಲ. ಕಾಕು ಹೇಳಿದ ಮಾತಿಗೆ: "ಪಕ್ಕದ ಹೊಲದ ಹುಡುಗ ಹನ್ನೆರಡು ಗಂಟೆಗೆ ಮೋಟರ್ ಹಚ್ಚಾಕ ಬರ್ತಾನ, ನೆನಪೈತಿಲ್ಲ?" ಸುತ್ತಿದ ತಂತಿ ಹಾಗೇ ಸತ್ತ ತಂತಿಯಾಗಿ ಉಳಿಯಿತು. ಜೋಳ ಒಂದು ಎಕರೆ ಹೋಯ್ತು, ಮೂರು ಎಕರೆ ಕೈಗೆ ಬಂತು. ಏಪ್ರಿಲ್‌ನಲ್ಲಿ ಆ ಹುಡುಗನೂ ಸೇರಿ ಐದು ಮನೆಯವರು ಜೆಸಿಬಿ ಬಾಡಿಗೆಗೆ ತಂದು ಹಳ್ಳದ ದಂಡೆಯ ಜಾಲಿ ಕೀಳಿಸಿದ್ದಾರೆ. ಮುಂದಿನ ಸುಗ್ಗಿಗೆ ಐದು ಹೊಲಕ್ಕೂ ಸೇರಿ ಒಂದೇ ಸೋಲಾರ್ ಬೇಲಿ ಅಂತ ಲೆಕ್ಕ ಹಾಕ್ತಾ ಇದ್ದಾರೆ.

ಮೊನ್ನೆ ಫೋನ್ ಮಾಡಿದ್ದರು. "ತಮ್ಮಾ, ಆ ಪೆಟ್ಟಿಗೀ ಯಾವ ಕಂಪನೀದು ತರ್ಬೇಕು, ಅದನ್ನ ಹೇಳು" ಅಂದರು. ಈ ಸಲ ನನ್ನ ಹತ್ರ ಉತ್ತರ ಇತ್ತು.